ಆಫೀಸಿನಲ್ಲಿ ನಿಂತ ಗಾಡಿಗೆ ನಿಧಾನದ ಚಾರ್ಜೇ ಸಾಕು: ನನ್ನ ಅನುಭವ

ಮನೆಯಲ್ಲಿ ಚಾರ್ಜ್ ಮಾಡಲು ಜಾಗವೇ ಇಲ್ಲದಿದ್ದರೂ ನಾನು ಎಲೆಕ್ಟ್ರಿಕ್ ಕಾರು ಕೊಂಡೆ. ನಮ್ಮದು ಮೂರನೇ ಮಹಡಿಯ ಮನೆ. ಗಾಡಿ ನಿಲ್ಲುವುದು ರಸ್ತೆ ಬದಿಯಲ್ಲಿ. ಗೆಳೆಯರೆಲ್ಲ ಬೇಡ ಎಂದರು. ಆದರೆ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಗಾಡಿ ದಿನಕ್ಕೆ ಒಂಬತ್ತು ಗಂಟೆ ಆಫೀಸಿನ ಪಾರ್ಕಿಂಗ್‌ನಲ್ಲಿ ಸುಮ್ನೆ ನಿಂತಿರುತ್ತದೆ. ಅಲ್ಲೊಂದು ಸಾಕೆಟ್ ಸಿಕ್ಕರೆ ಸಾಕಲ್ವಾ? ಹಾಗೆ ಶುರುವಾಗಿ ಈಗ ಮೂರು ವರ್ಷವಾಯಿತು. ಸಾಕೆಟ್ ಸಿಕ್ಕರೆ ಸಾಕು ಅನ್ನುವುದು ನಿಜ. ಆದರೆ ಅದು ಎಂಥ ಸಾಕೆಟ್ ಅನ್ನುವುದರಲ್ಲಿ ಎಲ್ಲ ಇದೆ.

ಮೊದಲು ಲೆಕ್ಕ ಹೇಳುತ್ತೇನೆ. ಎಷ್ಟೋ ಜನ ಇದನ್ನು ಹಾಕಿ ನೋಡದೆಯೇ ಹೆದರುತ್ತಾರೆ. ನನ್ನ ಮನೆಯಿಂದ ಆಫೀಸಿಗೆ 38 ಕಿಲೋಮೀಟರ್, ಹೋಗಿ ಬರಲು 76. ಗಾಡಿ ಸಣ್ಣದು, 30 ಯೂನಿಟ್ ಬ್ಯಾಟರಿ. ಕಿಲೋಮೀಟರಿಗೆ ಸರಾಸರಿ 140 ವ್ಯಾಟ್-ಅವರ್ ತಿನ್ನುತ್ತದೆ (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್). ಅಂದರೆ ದಿನಕ್ಕೆ ಬ್ಯಾಟರಿಯಿಂದ ಹತ್ತೂವರೆ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಖರ್ಚು. ಗೋಡೆಯಿಂದ ಎಳೆಯುವುದು ಇನ್ನೂ ಜಾಸ್ತಿ, ಸುಮಾರು 12 ಯೂನಿಟ್. ಗೋಡೆಯಲ್ಲಿ ಬರುವುದು ಎಸಿ ಕರೆಂಟು, ಬ್ಯಾಟರಿಗೆ ಬೇಕಾದದ್ದು ಡಿಸಿ. ಕಾರಿನೊಳಗಿರುವ ಚಾರ್ಜರ್ ಅದನ್ನು ಬದಲಾಯಿಸುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. 230 ವೋಲ್ಟ್ ಸಾಕೆಟ್‌ನಿಂದ 10 ಆಂಪಿಯರ್ ತೆಗೆದುಕೊಂಡರೆ ಗಂಟೆಗೆ 2.3 ಯೂನಿಟ್. 12 ಯೂನಿಟ್‌ಗೆ ಐದು ಗಂಟೆ ಹದಿನೈದು ನಿಮಿಷ ಸಾಕು. ಬೆಳಗ್ಗೆ ಒಂಬತ್ತಕ್ಕೆ ಚುಚ್ಚಿದರೆ ಮಧ್ಯಾಹ್ನ ಎರಡೂಕಾಲಿಗೆ ಮುಗಿಯಿತು. ನಿಮ್ಮ ದೂರ, ನಿಮ್ಮ ಗಾಡಿ ಹಾಕಿ ಇದೇ ಲೆಕ್ಕ ಮಾಡಿ. ಕೆಲಸಕ್ಕೆ ಹೋಗಿ ಬರುವ ಹೆಚ್ಚಿನವರಿಗೆ ಮಾಮೂಲಿ ಪವರ್ ಸಾಕೆಟ್ಟೇ ಸಾಕಾಗುತ್ತದೆ.

ಆಫೀಸಿನವರು ಕೇಳಿದ ತಕ್ಷಣ ಒಪ್ಪಿದರು. ಬೇಸ್‌ಮೆಂಟಿನ ಪಂಪ್ ರೂಮಿನ ಪಕ್ಕ ಒಂದು ಹಳೆಯ 15 ಆಂಪಿಯರ್ ಸಾಕೆಟ್ ಇತ್ತು. "ಅದನ್ನೇ ಬಳಸಿಕೊಳ್ಳಿ" ಎಂದರು. ನನಗೆ ಖುಷಿಯೋ ಖುಷಿ. ಕಾರಿನ ಜೊತೆ ಬಂದಿದ್ದ ಪೋರ್ಟಬಲ್ ಚಾರ್ಜರ್ ಚುಚ್ಚಿದೆ. ಅದರಲ್ಲಿ ಕೆಂಪು ದೀಪ ಬಂತು, ಚಾರ್ಜ್ ಆಗಲೇ ಇಲ್ಲ.

ಎಲೆಕ್ಟ್ರಿಷಿಯನ್ ಬಂದು ನೋಡಿದರು. ಸಾಕೆಟ್‌ನ ಹಿಂದೆ ಅರ್ತ್ ತಂತಿ ಇತ್ತು, ಆದರೆ ಯಾವುದಕ್ಕೂ ಸೇರಿಸಿರಲಿಲ್ಲ. ಅಷ್ಟು ವರ್ಷ ಆ ಸಾಕೆಟ್ ಅರ್ತಿಂಗ್ ಇಲ್ಲದೆಯೇ ಕೆಲಸ ಮಾಡಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಕಾರಿನ ಚಾರ್ಜರ್ ಮಾತ್ರ ಮೊದಲು ಅರ್ತ್ ಇದೆಯೇ ಎಂದು ನೋಡಿ, ಆಮೇಲೆಯೇ ಕರೆಂಟು ಬಿಡುತ್ತದೆ. ಅರ್ತ್ ಇಲ್ಲದಿದ್ದರೂ ಚಾರ್ಜ್ ಆಗುವಂತೆ ಚಾರ್ಜರ್‌ಗೆ ಮೋಸ ಮಾಡುವ ಉಪಾಯವನ್ನು ಒಬ್ಬರು ನನಗೆ ಹೇಳಿಕೊಟ್ಟರು. ದಯವಿಟ್ಟು ಅದನ್ನು ಮಾಡಬೇಡಿ. ಮಳೆಯಲ್ಲಿ ನೆನೆದು ಬಂದ ಗಾಡಿಯ ಲೋಹದ ಮೈಯನ್ನು ನೀವು ಕೈಯಲ್ಲಿ ಮುಟ್ಟುತ್ತೀರಿ. ಒಳಗೆಲ್ಲಾದರೂ ಸೋರಿಕೆ ಇದ್ದರೆ ಆ ಕರೆಂಟಿಗೆ ನೆಲಕ್ಕೆ ಹೋಗುವ ದಾರಿ ನೀವೇ ಆಗುತ್ತೀರಿ. ಆ ದೀಪ ಕೆಂಪಾದದ್ದು ನಮ್ಮ ಒಳ್ಳೆಯದಕ್ಕೇ.

ಅರ್ತಿಂಗ್ ಸರಿಯಾಯಿತು, ಚಾರ್ಜ್ ಶುರುವಾಯಿತು. ಎರಡು ವಾರ ಆರಾಮಾಗಿ ಹೋಯಿತು. ಒಂದು ಮಧ್ಯಾಹ್ನ ಸೆಕ್ಯುರಿಟಿಯ ಅಣ್ಣ ಮೇಲೆ ಬಂದು, "ನಿಮ್ಮ ಗಾಡಿ ಹತ್ತಿರ ಏನೋ ಸುಟ್ಟ ವಾಸನೆ ಬರ್ತಿದೆ, ಸ್ವಲ್ಪ ಬಂದು ನೋಡಿ" ಎಂದರು. ಓಡಿಹೋದೆ. ಪ್ಲಗ್ ಮುಟ್ಟಲಾಗದಷ್ಟು ಬಿಸಿ. ಸಾಕೆಟ್‌ನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಇದು ಯಾಕಾಯಿತು ಎಂದು ಸರಿಯಾಗಿ ತಿಳಿದುಕೊಳ್ಳಲು ನನಗೆ ಸ್ವಲ್ಪ ದಿನ ಹಿಡಿಯಿತು. 15 ಆಂಪಿಯರ್ ಸಾಕೆಟ್ 15 ಆಂಪಿಯರ್ ಹೊರುತ್ತದೆ, ನಿಜ. ಆದರೆ ಗೀಸರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ, ಇಸ್ತ್ರಿಪೆಟ್ಟಿಗೆ ಆಗಾಗ ತಾನೇ ಆರುತ್ತದೆ. ಕಾರು ಹಾಗಲ್ಲ. ಐದಾರು ಗಂಟೆ ಒಂದೇ ಸಮನೆ ಎಳೆಯುತ್ತದೆ. ಸ್ಕ್ರೂ ಒಂದಿಷ್ಟು ಸಡಿಲವಿದ್ದರೆ, ಅಥವಾ ಒಳಗಿನ ಹಿತ್ತಾಳೆಯ ಹಿಡಿತ ಸವೆದಿದ್ದರೆ ಆ ಜಾಗದಲ್ಲಿ ಪ್ರತಿರೋಧ ಹೆಚ್ಚುತ್ತದೆ. ಅಲ್ಲಿ ಬಿಸಿ ಏರುತ್ತದೆ. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ ಸ್ಕ್ರೂ ಇನ್ನಷ್ಟು ಸಡಿಲವಾಗುತ್ತದೆ. ಇದರಲ್ಲಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ನಮಗೆ ಸಹಾಯ ಮಾಡುವುದಿಲ್ಲ. ಯಾಕೆಂದರೆ ಕರೆಂಟು ಮಿತಿಯೊಳಗೇ ಇರುತ್ತದೆ. ಇನ್ನೊಂದು ಮಾತು. ಬಿಸಿ ಕರೆಂಟಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ ಏರುತ್ತದೆ. 13 ಆಂಪಿಯರ್‌ನಿಂದ 10ಕ್ಕೆ ಇಳಿಸಿದರೆ ಆ ಜಾಗದ ಬಿಸಿ ಹೆಚ್ಚುಕಡಿಮೆ ಶೇಕಡಾ 40ರಷ್ಟು ಕಡಿಮೆಯಾಗುತ್ತದೆ. ಆವತ್ತಿನವರೆಗೆ ನಾನು ಸುಮ್ನೆ 13ರಲ್ಲಿ ಓಡಿಸುತ್ತಿದ್ದೆ. ನನಗೆ ಬೇಕಿದ್ದ ಚಾರ್ಜ್ 10ರಲ್ಲೇ ಆಗುತ್ತಿತ್ತು.

ಆ ಸಾಕೆಟ್ ತೆಗೆಸಿದೆವು. ಮೇನ್ ಪ್ಯಾನೆಲ್‌ನಿಂದ ಕಾರಿಗೆಂದೇ ಬೇರೆ ಲೈನ್ ಎಳೆಸಿ, ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿದೆವು. ಅದಕ್ಕೇ ಒಂದು ಎಂಸಿಬಿ, 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿ (ಅಷ್ಟು ಕರೆಂಟು ಸೋರಿದರೂ ಲೈನ್ ಕಡಿಯುವ ಸ್ವಿಚ್). ಈಗಲೂ ಹೊಸ ಜಾಗದಲ್ಲಿ ಚಾರ್ಜ್ ಹಾಕಿದರೆ ಅರ್ಧ ಗಂಟೆ ಬಿಟ್ಟು ಹೋಗಿ ಪ್ಲಗ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಿದ್ದರೆ ನಿಲ್ಲಿಸಬೇಕು. ಎಕ್ಸ್‌ಟೆನ್ಶನ್ ಬೋರ್ಡಂತೂ ಬೇಡವೇ ಬೇಡ. ಸುತ್ತಿಟ್ಟ ಎಕ್ಸ್‌ಟೆನ್ಶನ್ ರೀಲ್ ಇನ್ನೂ ಅಪಾಯ, ಸುರುಳಿಯೊಳಗಿನ ಬಿಸಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ.

ಲೈನ್ ಹಾಕಿದ ಮೇಲೆ ಕೇಳಿಬಂದದ್ದು ದುಡ್ಡಿನ ಮಾತು. ಆಫೀಸಿನವರು ನನ್ನಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಬೇರೆ ಸಹೋದ್ಯೋಗಿಗಳು ತಮ್ಮ ಪೆಟ್ರೋಲ್ ತಾವೇ ಹಾಕಿಸಿಕೊಂಡು ಬರುತ್ತಾರಲ್ವಾ? ಅವರು ಬಾಯಿಬಿಟ್ಟು ಹೇಳದಿದ್ದರೂ ನನಗೆ ಅದು ಸರಿ ಅನ್ನಿಸಲಿಲ್ಲ. ನಾನೇ ಕೇಳಿ ಆ ಲೈನಿಗೆ ಒಂದು ಸಬ್‌ಮೀಟರ್ ಹಾಕಿಸಿದೆ. ತಿಂಗಳ ಕೊನೆಗೆ ರೀಡಿಂಗ್ ಬರೆದು, ಆಫೀಸಿನ ಬಿಲ್ಲಿನ ದರದಲ್ಲೇ ಕಟ್ಟುತ್ತೇನೆ. ಆಮೇಲೆ ಈ ವಿಷಯದಲ್ಲಿ ಒಬ್ಬರೂ ಮುಖ ಸಿಂಡರಿಸಿಲ್ಲ. ಆಫೀಸಿನಲ್ಲಿ ಚಾರ್ಜಿಂಗ್ ಕೇಳಲು ಹೊರಟವರಿಗೆ ನಾನು ಮೊದಲು ಹೇಳುವ ಮಾತೇ ಇದು: ಮೀಟರ್ ಸಮೇತ ಕೇಳಿ.

ಎರಡನೇ ವರ್ಷಕ್ಕೆ ಆಫೀಸಿನಲ್ಲಿ ನಾಲ್ಕು ಎಲೆಕ್ಟ್ರಿಕ್ ಕಾರುಗಳಾದವು, ಸಾಕೆಟ್ ಒಂದೇ. ಮಧ್ಯಾಹ್ನ ಊಟ ಬಿಟ್ಟು ಗಾಡಿ ಸರಿಸುವುದು, ಮೀಟಿಂಗ್ ಮಧ್ಯೆ "ಮೇಡಂ, ನಿಮ್ಮದು ಮುಗೀತಾ?" ಎಂದು ಫೋನು. ಆಗ ಮ್ಯಾನೇಜ್‌ಮೆಂಟಿನವರು ಒಂದು 50 ಕಿಲೋವ್ಯಾಟ್ ಫಾಸ್ಟ್ ಚಾರ್ಜರ್ ಹಾಕಿಸುವ ಯೋಚನೆ ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನಾನು ಬೇಡ ಎಂದೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ.

ಫಾಸ್ಟ್ ಚಾರ್ಜರ್ ದಾರಿಯಲ್ಲಿ ಹೋಗುವವರಿಗೆ. ಅವರು ಅರ್ಧ ಗಂಟೆ ನಿಂತು ಹೊರಡುತ್ತಾರೆ. ಆಫೀಸಿಗೆ ಬಂದವರು ಒಂಬತ್ತು ಗಂಟೆ ಇರುತ್ತಾರೆ. ಅಲ್ಲಿ ಗಾಡಿ ಮುಕ್ಕಾಲು ಗಂಟೆಯಲ್ಲಿ ತುಂಬಿದರೆ, ಮತ್ತೆ ಯಾರಾದರೂ ಕೆಲಸ ಬಿಟ್ಟು ಇಳಿದು ಬಂದು ಸರಿಸಬೇಕು. ಜೊತೆಗೆ 50 ಕಿಲೋವ್ಯಾಟ್‌ಗೆ ಕಟ್ಟಡಕ್ಕೆ ವಿದ್ಯುತ್ ಕಂಪನಿ ಮಂಜೂರು ಮಾಡಿದ ಲೋಡನ್ನೇ ಏರಿಸಬೇಕಾಗುತ್ತದೆ. ನಮಗೆ ಬೇಕಿದ್ದದ್ದು ಬೆಳಗ್ಗೆ ಚುಚ್ಚಿ ಸಂಜೆ ತೆಗೆಯುವಂಥದ್ದು. ವೇಗ ಕಡಿಮೆಯಾದರೂ ಪರವಾಗಿಲ್ಲ, ಎಲ್ಲರಿಗೂ ಒಂದೊಂದು ಜಾಗ ಇರಬೇಕು.

ಕೊನೆಗೆ ತಲಾ ಎರಡು ಪಾಯಿಂಟ್ ಇರುವ ಎರಡು ವಾಲ್‌ಬಾಕ್ಸ್ (ಗೋಡೆಗೆ ಹಾಕುವ ಚಾರ್ಜಿಂಗ್ ಪೆಟ್ಟಿಗೆ) ಹಾಕಿಸಿದೆವು. ಪ್ಯಾನೆಲ್‌ನಿಂದ 40 ಆಂಪಿಯರ್‌ನ ಒಂದೇ ಲೈನ್. ನಾಲ್ಕೂ ಪಾಯಿಂಟ್ ಸೇರಿ 32 ಆಂಪಿಯರ್ ಮೀರಬಾರದು ಎಂದು ಮಿತಿ. ಆ 32 ಆಂಪಿಯರನ್ನು ಬಾಕ್ಸ್‌ಗಳೇ ಹಂಚುತ್ತವೆ. ನಾಲ್ಕು ಗಾಡಿ ಇದ್ದರೆ ತಲಾ 8, ಒಂದರದು ಮುಗಿದರೆ ಉಳಿದ ಮೂರಕ್ಕೆ ಹತ್ತೂವರೆಯ ಹತ್ತಿರ. ಹಂಚುವ ರೀತಿ ನನಗೆ ಬಹಳ ಹಿಡಿಸಿತು. ಚಾರ್ಜಿಂಗ್ ಕೇಬಲ್‌ನೊಳಗೆ ಪೈಲಟ್ ಎಂಬ ಒಂದು ಸಣ್ಣ ತಂತಿ ಇರುತ್ತದೆ. ಅದರಲ್ಲಿ ಬಾಕ್ಸ್ ಸೆಕೆಂಡಿಗೆ 1000 ಸಲ ಮಿಡಿಯುತ್ತದೆ. ಪ್ರತಿ ಮಿಡಿತ ಎಷ್ಟು ಅಗಲ ಅನ್ನುವುದೇ ಕಾರಿಗೆ ಸೂಚನೆ. ಒಂದು ಮಿಡಿತಕ್ಕೆ ಸಿಗುವ ಸಮಯದ ಶೇಕಡಾ 10ರಷ್ಟು ಅಗಲವಿದ್ದರೆ 6 ಆಂಪಿಯರ್, 50 ಇದ್ದರೆ 30. ಕಾರು ಅದನ್ನು ಓದಿ, ಅದಕ್ಕಿಂತ ಜಾಸ್ತಿ ಎಳೆಯುವುದಿಲ್ಲ. ಐಇಸಿ 61851 ಎಂಬ ಮಾನದಂಡದಲ್ಲಿ ಇದೆಲ್ಲ ಗೊತ್ತುಮಾಡಿದ್ದಾರೆ. ಹಾಗಾಗಿ ಯಾವ ಕಂಪನಿಯ ಕಾರು, ಯಾವ ಕಂಪನಿಯ ಬಾಕ್ಸ್ ಆದರೂ ಒಂದಕ್ಕೊಂದು ಮಾತು ಅರ್ಥವಾಗುತ್ತದೆ.

8 ಆಂಪಿಯರ್ ಅಂದರೆ ಗಂಟೆಗೆ 1.84 ಯೂನಿಟ್. ಒಂಬತ್ತು ಗಂಟೆಗೆ ಹದಿನಾರೂವರೆ ಯೂನಿಟ್. ನಮ್ಮ ನಾಲ್ವರಲ್ಲಿ ಯಾರಿಗೂ ದಿನಕ್ಕೆ 13ಕ್ಕಿಂತ ಜಾಸ್ತಿ ಬೇಡ. ನಿಧಾನವಾದಷ್ಟೂ ನಷ್ಟ ಸ್ವಲ್ಪ ಹೆಚ್ಚುತ್ತದೆ, ಅದನ್ನೂ ಹೇಳಬೇಕು. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪು ಎಲ್ಲ ಎಚ್ಚರವಾಗಿರುತ್ತವೆ, ಅವುಗಳ ಖರ್ಚು ಸೇರುತ್ತದೆ. ನನ್ನ ಮೀಟರಿನಲ್ಲಿ ದಿನಕ್ಕೆ ಅರ್ಧ ಯೂನಿಟ್‌ನಷ್ಟು ಜಾಸ್ತಿ ಬರುತ್ತಿದೆ. ಗಾಡಿ ಸರಿಸುವ ತಾಪತ್ರಯ ತಪ್ಪಿದ್ದಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕಿಲ್ಲ.

ಇನ್ನು ಆ ಒಂದು ಸೋಮವಾರದ ಕಥೆ. ವಾರಾಂತ್ಯದಲ್ಲಿ ನೆಂಟರ ಮನೆಗೆ ಹೋಗಿದ್ದೆ. ಸೋಮವಾರ ಆಫೀಸಿಗೆ ಬರುವಾಗ ಬ್ಯಾಟರಿ ಶೇಕಡಾ 20ಕ್ಕೆ ಇಳಿದಿತ್ತು. ಚುಚ್ಚಿದೆ, ಹಸಿರು ದೀಪ ಬಂತು, ಮೇಲೆ ಹೋದೆ. ದಿನವಿಡೀ ಕೆಲಸ. ಸಂಜೆ ಆರೂವರೆಗೆ ಬಂದರೆ 22! ನಾನು ಹೋದ ಸ್ವಲ್ಪ ಹೊತ್ತಿಗೇ ಆರ್‌ಸಿಸಿಬಿ ಬಿದ್ದು ಕರೆಂಟು ನಿಂತಿತ್ತು. ಯಾರೂ ನೋಡಿರಲಿಲ್ಲ. ಆವತ್ತು ಉಳಿದ ಗಾಡಿಗಳೂ ಬಂದಿರಲಿಲ್ಲ.

22 ಅಂದರೆ 6.6 ಯೂನಿಟ್. ಮಾಮೂಲಿ ಓಡಿಸಿದರೆ 47 ಕಿಲೋಮೀಟರ್, ಮನೆಗೆ 38. ಅಂಚಿನಲ್ಲಿದೆ, ಆದರೆ ಸಾಧ್ಯ. ಎಸಿ ಆರಿಸಿ, 50ರ ಆಸುಪಾಸಿನಲ್ಲಿ ಒಂದೇ ವೇಗದಲ್ಲಿ ಹೋದೆ. ಬ್ರೇಕ್ ತುಳಿಯುವ ಬದಲು ಮೊದಲೇ ಆಕ್ಸಿಲರೇಟರ್ ಬಿಟ್ಟು, ಮೋಟರ್ ತಾನೇ ಜನರೇಟರ್ ಆಗಿ ಬ್ಯಾಟರಿಗೆ ಒಂದಿಷ್ಟು ವಾಪಸ್ ಕೊಡುವಂತೆ ಓಡಿಸಿದೆ. ಮನೆ ತಲುಪಿದಾಗ 7 ಉಳಿದಿತ್ತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಓದಿದ್ದು ಆ ಸಂಜೆ ಕಣ್ಣೆದುರೇ ಕಾಣಿಸಿತು. ಮಾರನೆಯ ಬೆಳಗ್ಗೆ ಐದು ಕಿಲೋಮೀಟರ್ ದೂರದ ಫಾಸ್ಟ್ ಚಾರ್ಜರ್‌ನಲ್ಲಿ ಅರ್ಧ ಗಂಟೆ ನಿಂತು ಆಫೀಸಿಗೆ ಹೋದೆ.

ಆಮೇಲೆ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಚುಚ್ಚಿದ ಹತ್ತು ನಿಮಿಷಕ್ಕೆ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ ಫೋನಿನಲ್ಲಿ ಚಾರ್ಜ್ ಏರುತ್ತಿದೆಯೇ ಎಂದು ನೋಡುತ್ತೇನೆ. ಮತ್ತೆ, ಬೆಳಗ್ಗೆ ಆಫೀಸು ಮುಟ್ಟುವಾಗ ಮನೆಗೆ ವಾಪಸ್ ಹೋಗುವಷ್ಟು ಚಾರ್ಜ್ ಆರಾಮಾಗಿ ಉಳಿದಿರಬೇಕು. ಆರ್‌ಸಿಸಿಬಿ ಬಿದ್ದದ್ದೇಕೆ ಎಂದು ಹುಡುಕಿದಾಗ ಒಂದು ಕನೆಕ್ಟರ್‌ನೊಳಗೆ ನೀರು ಸಿಕ್ಕಿತು. ನೆಲದ ಮೇಲೆ ಬಿದ್ದಿರುತ್ತಿದ್ದ ಕೇಬಲ್‌ಗಳಿಗೆ ಈಗ ಗೋಡೆಯಲ್ಲಿ ಕೊಕ್ಕೆ ಹಾಕಿದ್ದೇವೆ.

ಬ್ಯಾಟರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನದು ನಿಕಲ್ ಇರುವ ಎನ್‌ಎಂಸಿ ಬ್ಯಾಟರಿ, ದಿನಾ 80ಕ್ಕೆ ನಿಲ್ಲಿಸುತ್ತೇನೆ. ನಿಮ್ಮದು ಎಲ್‌ಎಫ್‌ಪಿ (ನಿಕಲ್ ಬದಲು ಕಬ್ಬಿಣ, ರಂಜಕ ಇರುವ ಬ್ಯಾಟರಿ) ಆದರೆ ಆಗಾಗ 100ರವರೆಗೆ ತುಂಬಿಸಬೇಕು, ಇಲ್ಲದಿದ್ದರೆ ಕಾರಿಗೆ ಎಷ್ಟು ಉಳಿದಿದೆ ಎಂದು ಸರಿಯಾಗಿ ಅಳೆಯಲಾಗುವುದಿಲ್ಲ. ಕಾರಿನ ಪುಸ್ತಕದಲ್ಲಿ ಏನಿದೆಯೋ ಹಾಗೆ ಮಾಡಿ.

ಒಂದು ಸುಖವನ್ನು ಮಾತ್ರ ಹೇಳಲೇಬೇಕು. ಸಂಜೆ ಹೊರಡುವ ಹದಿನೈದು ನಿಮಿಷ ಮುಂಚೆ, ಕೇಬಲ್ ಇನ್ನೂ ಚುಚ್ಚಿರುವಾಗಲೇ ಫೋನಿನಿಂದ ಎಸಿ ಹಾಕುತ್ತೇನೆ. ಸೆಕೆಯಲ್ಲಿ ಕಾದ ಗಾಡಿ ತಣ್ಣಗಾಗಿರುತ್ತದೆ, ಆ ಖರ್ಚಿನ ಬಹುಪಾಲು ಬ್ಯಾಟರಿಯ ಬದಲು ಗೋಡೆಯಿಂದ ಹೋಗಿರುತ್ತದೆ. ಚಳಿಗಾಲದಲ್ಲಿ ಇದರಿಂದ ಇನ್ನೂ ಜಾಸ್ತಿ ಉಪಯೋಗ. ಹೀಟರ್ ಶುರುವಿನಲ್ಲೇ ಎರಡು ಮೂರು ಕಿಲೋವ್ಯಾಟ್ ಎಳೆಯುತ್ತದೆ.

ಈಗ ನಮ್ಮಲ್ಲಿ ಆರು ಕಾರುಗಳಿವೆ. 32 ಆಂಪಿಯರನ್ನು ಆರಕ್ಕೆ ಹಂಚಿದರೆ ತಲಾ ಐದೂಕಾಲಿನ ಹತ್ತಿರ ಬರುತ್ತದೆ. ಮಾನದಂಡದ ಪ್ರಕಾರ 6ಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಪಾಯಿಂಟ್ ಇರುವುದೂ ನಾಲ್ಕೇ. ಹತ್ತಿರದಲ್ಲೇ ಮನೆ ಇರುವ ನಾಲ್ವರು ದಿನ ಬಿಟ್ಟು ದಿನ ಹಾಕಿಕೊಳ್ಳುತ್ತಾರೆ. ದೂರದಿಂದ ಬರುವ ನಾವಿಬ್ಬರು ದಿನಾ ಹಾಕುತ್ತೇವೆ. ಯಾರ ಸರದಿ ಎಂದು ಸೆಕ್ಯುರಿಟಿಯ ಅಣ್ಣ ಗೋಡೆಯ ಮೇಲೊಂದು ಹಾಳೆ ಅಂಟಿಸಿದ್ದಾರೆ, ದೀಪ ಕೆಂಪಾದರೆ ಮೊದಲು ಫೋನ್ ಮಾಡುವವರೂ ಅವರೇ. ಮುಂದಿನ ತಿಂಗಳು ಏಳನೆಯ ಕಾರು ಬರುತ್ತದೆ. ಪ್ಯಾನೆಲ್‌ನಲ್ಲಿ ಇನ್ನೊಂದು ಲೈನಿಗೆ ಜಾಗವಿದೆ. ಎಲೆಕ್ಟ್ರಿಷಿಯನ್ ಮೊನ್ನೆ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.