‘ಯುರೇಕಾ’ಗೆ ಕನ್ನಡ ಸಬ್‌ಟೈಟಲ್: ‘ನೀನು’, ‘ನೀವು’ ಮತ್ತು ಒಂದು ‘ಕಣೋ’

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮ ಸಾಗರದಿಂದ ಬಂದು ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಉಳಿದಿದ್ದಳು. ರಾತ್ರಿ ಊಟದ ನಂತರ ನಾನು ನೋಡುತ್ತಿದ್ದ ‘ಯುರೇಕಾ’ವನ್ನು ಅವಳೂ ಕುಳಿತು ನೋಡತೊಡಗಿದಳು. ಇಂಗ್ಲಿಷ್ ಬಾರದ ಅವಳು ಪ್ರತಿ ನಿಮಿಷಕ್ಕೊಮ್ಮೆ “ಏನಂದ ಅವನು?” ಎಂದು ಕೇಳುವಳು, ನಾನು ಹೇಳಿ ಮುಗಿಸುವಷ್ಟರಲ್ಲಿ ಕಥೆ ಎರಡು ದೃಶ್ಯ ಮುಂದೆ ಹೋಗಿರುತ್ತಿತ್ತು. ನನ್ನಲ್ಲಿದ್ದ ಡಿವಿಡಿಗಳಿಗೆ ಮನೆಯ ಮಟ್ಟಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸಕ್ಕೆ ನಾನು ಕೈಹಾಕಿದ್ದು ಹೀಗೆ. ಮೊದಲ ಸರಣಿಯ 12 ಕಂತುಗಳನ್ನೂ ನಾಲ್ಕನೆಯ ಸರಣಿಯ ಮೊದಲ 10 ಕಂತುಗಳನ್ನೂ ಮುಗಿಸಿದ ಅನುಭವದಲ್ಲಿ ಇದನ್ನು ಬರೆಯುತ್ತಿದ್ದೇನೆ.

ನೋಡದವರಿಗಾಗಿ ಎರಡು ಮಾತು. ಅಮೆರಿಕದ ಸೈ ಫೈ ವಾಹಿನಿಯಲ್ಲಿ 2006ರ ಜುಲೈಯಿಂದ 2012ರ ಜುಲೈವರೆಗೆ ಐದು ಸರಣಿಗಳಲ್ಲಿ 77 ಕಂತುಗಳಾಗಿ ಬಂದ ಈ ಧಾರಾವಾಹಿಯನ್ನು ಆಂಡ್ರ್ಯೂ ಕಾಸ್ಬಿ ಮತ್ತು ಜೇಮಿ ಪಾಲಿಯಾ ರೂಪಿಸಿದರು. ಕಥೆ ನಡೆಯುವುದು ಆರೆಗಾನ್ ರಾಜ್ಯದ ಒಂದು ಗುಪ್ತ ಊರಿನಲ್ಲಿ. ಚಿತ್ರೀಕರಣ ನಡೆದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ಎರಡನೆಯ ಮಹಾಯುದ್ಧದ ನಂತರ ದೇಶದ ಅತಿ ಬುದ್ಧಿವಂತ ವಿಜ್ಞಾನಿಗಳನ್ನೆಲ್ಲ ಸರ್ಕಾರ ಅಲ್ಲಿ ನೆಲೆಗೊಳಿಸಿದೆ ಎಂಬುದು ಕಲ್ಪನೆ. ಅವರ ಪ್ರಯೋಗಗಳು ಕೈಮೀರಿದಾಗಲೆಲ್ಲ ಊರನ್ನು ಉಳಿಸುವ ಹೊಣೆ ಮಾತ್ರ ವಿಜ್ಞಾನದ ಗಂಧಗಾಳಿಯಿಲ್ಲದ ಶೆರಿಫ್ ಜ್ಯಾಕ್ ಕಾರ್ಟರ್‌ನ ಮೇಲೆ ಬೀಳುತ್ತದೆ. ಆ ಪಾತ್ರವನ್ನು ಕಾಲಿನ್ ಫರ್ಗುಸನ್ ಮಾಡಿದ್ದಾರೆ.

ಕೆಲಸದ ಯಾಂತ್ರಿಕ ಭಾಗ ಸರಳ. ಇಂಗ್ಲಿಷ್ ಸಬ್‌ಟೈಟಲ್‌ನ ಎಸ್‌ಆರ್‌ಟಿ ಕಡತವನ್ನು ತೆರೆದರೆ ಪ್ರತಿ ಸಾಲಿಗೂ ಕ್ರಮಸಂಖ್ಯೆ, ಆರಂಭ ಮತ್ತು ಅಂತ್ಯದ ಸಮಯ, ಕೆಳಗೆ ಮಾತು ಇರುತ್ತವೆ. ಸಮಯವನ್ನು ಹಾಗೆಯೇ ಬಿಟ್ಟು ಮಾತನ್ನು ಬದಲಿಸಿ, ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ನಾನು ಮೊದಲು ಬಳಸಿದ ಪ್ಲೇಯರ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು, ‘ವಿಜ್ಞಾನಿ’ ಎಂಬುದು ‘ವಿಜ್‌ಞಾನಿ’ ಆಗುತ್ತಿತ್ತು. ಪ್ಲೇಯರನ್ನೂ ಫಾಂಟನ್ನೂ ಬದಲಿಸಿದ ಮೇಲೆ ಅದು ಸರಿಹೋಯಿತು. ಕಷ್ಟವಾದದ್ದು ಉದ್ದ. ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುವವಳು. ಎರಡು ಸಾಲಿಗಿಂತ ಹೆಚ್ಚಾದರೆ ನಟರ ಮುಖ ನೋಡಲು ಅವಳಿಗೆ ಸಮಯವೇ ಸಿಗುತ್ತಿರಲಿಲ್ಲ. ಆದ್ದರಿಂದ ‘ಹೋಗುತ್ತೇನೆ’ ಎಂಬುದರ ಬದಲು ‘ಹೋಗ್ತೀನಿ’ ಎಂದು ಆಡುಮಾತಿನಲ್ಲೇ ಬರೆದೆ. ಮೂರನೆಯ ಕಂತಿನ ವೇಳೆಗೆ, ಪಾತ್ರದ ಮಾತಿನಲ್ಲಿ ಮೂರನೆಯ ಒಂದು ಭಾಗವನ್ನು ಬಿಟ್ಟರೂ ಕಥೆಗೆ ಊನವಾಗುವುದಿಲ್ಲ ಎಂಬ ಧೈರ್ಯ ಬಂದಿತ್ತು.

ವಿಜ್ಞಾನದ ಮಾತುಗಳೇ ಅತಿ ಕಠಿಣವೆಂದು ಭಾವಿಸಿ ನಾನು ಆರಂಭದಲ್ಲಿ ತಪ್ಪು ದಾರಿ ಹಿಡಿದಿದ್ದೆ. ಮೊದಲ ಕಂತಿನಲ್ಲಿ ಅನಾಹುತಕ್ಕೆ ಕಾರಣವಾಗುವುದು ಟ್ಯಾಕಿಯಾನ್ ವೇಗವರ್ಧಕ. ಟ್ಯಾಕಿಯಾನ್ ಎಂದರೆ ಬೆಳಕಿಗಿಂತ ವೇಗವಾಗಿ ಚಲಿಸುವುದೆಂದು ಊಹಿಸಲಾದ, ಈವರೆಗೆ ಯಾವ ಪ್ರಯೋಗದಲ್ಲೂ ಸಿಗದ ಕಣ. ಅಮ್ಮನಿಗೆ ಅರ್ಥವಾಗಲೆಂದು ನಾನು ಅದನ್ನು ‘ಕಾಲದಲ್ಲಿ ಬಿರುಕು ಬಿಡಿಸುವ ಯಂತ್ರ’ ಎಂದು ಬಿಡಿಸಿ ಬರೆದೆ. ಅವಳಿಗೇನೋ ತಕ್ಷಣ ಅರ್ಥವಾಯಿತು, ಆದರೆ ಮುಂದಿನ ಸಾಲಿನಲ್ಲೇ ಕಾರ್ಟರ್ ಕಣ್ಣು ಕಣ್ಣು ಬಿಟ್ಟಾಗ, “ಈ ಪೊಲೀಸಪ್ಪ ಸ್ವಲ್ಪ ದಡ್ಡನೇನೋ?” ಎಂದು ಕೇಳಿದಳು. ಇಡೀ ಧಾರಾವಾಹಿ ನಿಂತಿರುವುದು, ವಿಜ್ಞಾನಿಯ ಮಾತು ಕಾರ್ಟರ್‌ಗೂ ನಮಗೂ ಒಟ್ಟಿಗೇ ಅರ್ಥವಾಗದೆ, ಬಳಿಕ ಅವನೇ ಅದನ್ನು ಮನೆಮಾತಿಗೆ ಇಳಿಸುವ ಕ್ಷಣದ ಮೇಲೆ. ಅನುವಾದಕ ಆ ಕೆಲಸವನ್ನು ಮೊದಲೇ ಮಾಡಿಬಿಟ್ಟರೆ ನಾಯಕನಿಗೆ ಮಾಡಲು ಏನೂ ಉಳಿಯುವುದಿಲ್ಲ. ಎಲ್ಲ ಕಂತುಗಳನ್ನೂ ತಿದ್ದಿ, ವಿಜ್ಞಾನಿಗಳ ಬಾಯಲ್ಲಿ ‘ಟ್ಯಾಕಿಯಾನ್ ವೇಗವರ್ಧಕ’ದಂಥ ಪದಗಳನ್ನು ಹಾಗೆಯೇ ಉಳಿಸಿ, ಕಾರ್ಟರ್‌ನ ಸಾಲುಗಳನ್ನು ಮಾತ್ರ ತಿಳಿನೀರಿನಂತೆ ಇಟ್ಟೆ.

ಕಾರ್ಟರ್ ವಾಸಿಸುವ ಮನೆ ಹಳೆಯ ಬಂಕರ್. ಅದಕ್ಕೆ ಮಾತೂ ಬರುತ್ತದೆ, ಬುದ್ಧಿಯೂ ಇದೆ, ಹೆಸರು ಸಾರಾ. ಕನ್ನಡದಲ್ಲಿ ಕ್ರಿಯಾಪದ ಲಿಂಗವನ್ನು ಕೇಳುತ್ತದೆ. ಸಾರಾಳೇ ‘ಬಂದೆ’, ‘ಮಾಡಿದೆ’ ಎನ್ನುವಾಗ ತೊಡಕಿಲ್ಲ; ಉಳಿದವರು ಅವಳ ಬಗ್ಗೆ ಮಾತಾಡುವಾಗ ‘ಬಾಗಿಲು ಹಾಕ್ತು’ ಎನ್ನಬೇಕೋ ‘ಹಾಕಿದಳು’ ಎನ್ನಬೇಕೋ? ಹೊಸದರಲ್ಲಿ ಕಾರ್ಟರ್‌ನಿಂದ ‘ಅದು’ ಎನ್ನಿಸಿ, ಒಗ್ಗಿಕೊಂಡ ಮೇಲೆ ‘ಅವಳು’ ಮಾಡಿದೆ. ಮನೆಯೇ ಎಲ್ಲರನ್ನೂ ಒಳಗೆ ಕೂಡಿಹಾಕುವ ಕಂತಿನಲ್ಲಿ ಹಳೆಯ ಸೈನಿಕ ವ್ಯವಸ್ಥೆಯೊಂದು ಸಾರಾಳ ಜಾಗವನ್ನು ಆಕ್ರಮಿಸಿದಾಗ ಮತ್ತೆ ‘ಅದು’ವಿಗೆ ಮರಳಿದೆ.

ನಾಲ್ಕನೆಯ ಸರಣಿಯನ್ನು ನಾನು ಆರಿಸಿಕೊಂಡದ್ದು ಪ್ರೀತಿಯಿಂದ. ಆದರೆ ಅದರಷ್ಟು ನನ್ನನ್ನು ಕಾಡಿದ್ದು ಬೇರೊಂದಿಲ್ಲ. ಅದರ ಆರಂಭದಲ್ಲಿ ಕಾರ್ಟರ್, ಆಲಿಸನ್, ಹೆನ್ರಿ, ಜೋ, ಫಾರ್ಗೋ ಐವರೂ 1947ಕ್ಕೆ ಜಾರಿ ಮರಳುತ್ತಾರೆ. ಅಷ್ಟರಲ್ಲಿ ವರ್ತಮಾನ ಬದಲಾಗಿರುತ್ತದೆ. ಅವರ ಜೊತೆಗೆ 1947ರ ಡಾ. ಟ್ರೆವರ್ ಗ್ರಾಂಟ್ ಕೂಡ ಬಂದುಬಿಡುತ್ತಾನೆ. ಜೇಮ್ಸ್ ಕ್ಯಾಲಿಸ್ ನಟಿಸಿದ ಈ ಪಾತ್ರಕ್ಕೆ ಮಾತ್ರ ನಾನು ‘ಹೋಗುತ್ತೇನೆ’, ‘ಕ್ಷಮಿಸಬೇಕು’ ಎಂಬ ಪೂರ್ಣ ಗ್ರಾಂಥಿಕ ರೂಪಗಳನ್ನು ಕೊಟ್ಟೆ. ಅವನು ಬಾಯಿ ತೆರೆದೊಡನೆ ಅಮ್ಮ “ಇವನು ಹಳೇ ಕಾಲದವನು” ಎಂದಳು.

ಇಂಗ್ಲಿಷಿನ ಒಂದೇ ‘ಯೂ’ ಎದುರು ನಮಗೆ ‘ನೀನು’, ‘ನೀವು’ ಎಂಬ ಎರಡು ಇರುವುದು ಇಲ್ಲಿ ಕಥೆಯ ಒಳಗೇ ಸೇರಿಕೊಂಡಿತು. ಪ್ರಯಾಣಕ್ಕೆ ಮುನ್ನ ಜೋಗೆ ಝೇನ್ ಉಂಗುರ ಕೊಟ್ಟು ಮದುವೆಗೆ ಕೇಳಿದ್ದ. ಮರಳಿ ಬಂದಾಗ ಅವನಿಗೆ ಅದಾವುದೂ ಗೊತ್ತಿಲ್ಲ; ಅವನ ಮಟ್ಟಿಗೆ ಜೋ ಎಂದರೆ ತನ್ನನ್ನು ಪದೇ ಪದೇ ಬಂಧಿಸಿದ ಅಧಿಕಾರಿ. ಝೇನ್‌ನ ‘ನೀನು’ವನ್ನು ‘ನೀವು’ ಮಾಡುವುದು ಸುಲಭವಾಗಿತ್ತು. ಜೋಳ ‘ನೀನು’ವನ್ನು ಏನು ಮಾಡುವುದೆಂದು ಎರಡು ದಿನ ಯೋಚಿಸಿದೆ. ನಮ್ಮಲ್ಲಿ ಪ್ರೇಯಸಿಯೂ ‘ನೀನು’ ಎನ್ನುತ್ತಾಳೆ, ಠಾಣೆಯಲ್ಲಿ ಆರೋಪಿಯನ್ನು ನಿಲ್ಲಿಸಿಕೊಂಡ ಪೊಲೀಸರೂ ‘ನೀನು’ ಎನ್ನುತ್ತಾರೆ. ಆ ಪದವನ್ನು ಹಾಗೆಯೇ ಬಿಟ್ಟರೆ ಅವಳು ಸಲುಗೆಯಿಂದ ಆಡಿದ್ದನ್ನು ಅವನು ಅಧಿಕಾರದ ಮಾತೆಂದು ಕೇಳಿಸಿಕೊಳ್ಳುತ್ತಾನೆ. ಅವಳ ಸಂಕಟಕ್ಕೆ ಇದಕ್ಕಿಂತ ತಕ್ಕ ರೂಪ ನನಗೆ ಸಿಗಲಿಲ್ಲ. ಗುರುತಿಗಾಗಿ, ಹಿಂದೆ ಅವಳ ಮಾತಿನ ಕೊನೆಗಿದ್ದ ‘ಕಣೋ’ವನ್ನು ಮಾತ್ರ ತೆಗೆದುಹಾಕಿದೆ. ಮುಂದೆ ಸಿಟ್ಟಿನ ಭರದಲ್ಲಿ ಅವಳು ಆ ಉಂಗುರವನ್ನು ಅವನತ್ತ ಎಸೆಯುವ ದೃಶ್ಯದಲ್ಲಿ, ಅದು ತನ್ನ ಅಜ್ಜಿಯ ಉಂಗುರವೆಂದು ಅವನು ಗುರುತಿಸುವುದಕ್ಕೆ ಮುಂಚಿನ ಸಾಲಿನಲ್ಲಿ, ಒಂದೇ ಒಂದು ‘ಕಣೋ’ವನ್ನು ಮರಳಿ ಇಟ್ಟೆ. “ಅಯ್ಯೋ, ಬಾಯಿ ತಪ್ಪಿ ಅಂದ್ಬಿಟ್ಲು!” ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಳು.

ಹೆನ್ರಿಯ ಪಾಡು ಇದಕ್ಕೆ ತಿರುಗುಮುರುಗು. ಹಿಂದಿರುಗಿದಾಗ ಅವನಿಗೆ ಗ್ರೇಸ್ ಎಂಬ ಹೆಂಡತಿ ಇದ್ದಾಳೆ. ಅವಳಿಗೆ ಅವನು ವರ್ಷಗಳಿಂದ ಗಂಡ, ಅವನಿಗೆ ಅವಳು ಅಪರಿಚಿತೆ. ‘ನೀವು’ ಎಂದರೆ ಗುಟ್ಟು ಬಯಲಾಗುತ್ತದೆ, ‘ನೀನು’ ಎನ್ನಲು ಸಜ್ಜನನಾದ ಅವನಿಗೆ ಬಾಯಿ ಬರುವುದಿಲ್ಲ. ಏಕವಚನವೋ ಬಹುವಚನವೋ ತಿಳಿಯದ ನೆಂಟರ ಮುಂದೆ ನಾವೆಲ್ಲ ಮಾಡುವುದನ್ನೇ ಅವನಿಂದಲೂ ಮಾಡಿಸಿದೆ: ಸರ್ವನಾಮವನ್ನೇ ನುಂಗಿ “ಊಟ ಆಯ್ತಾ?”, “ಹೊರಡೋಣ್ವಾ?”, “ನಾಳೆ ನೋಡಿದ್ರಾಯ್ತು” ಎಂಬಂಥ ಸಾಲುಗಳನ್ನು ಬರೆದೆ. ಅವನು ನಿಜ ಹೇಳಿಕೊಂಡ ಮೇಲೆ ಬರುವ ಮೊದಲ ‘ನೀನು’ವಿಗಾಗಿ ಅಷ್ಟೂ ಕಂತುಗಳಲ್ಲಿ ಜಾಗ ಕಾದಿಟ್ಟಿದ್ದೆ.

ಎಲ್ಲ ಮುಗಿಯಿತೆಂದುಕೊಂಡು ಎರಡನೆಯ ಬಾರಿ ಒಟ್ಟಿಗೆ ನೋಡುವಾಗ ಅಮ್ಮ ರಿಮೋಟಿಗೆ ಕೈಚಾಚಿ ನಿಲ್ಲಿಸಿದಳು. “ಹೆನ್ರಿ ಈಗಲೇ ‘ನಿನಗೆ’ ಅಂದ್ನಲ್ಲ, ಇನ್ನೂ ಹೇಳ್ಕೊಂಡೇ ಇಲ್ವಲ್ಲ?” ಹಿಂದಕ್ಕೆ ಹೋಗಿ ನೋಡಿದರೆ, ಅಡುಗೆಮನೆಯ ದೃಶ್ಯವೊಂದರಲ್ಲಿ “ನಿನಗೆ ಕಾಫಿ ಬೇಕಾ?” ಎಂದು ನಾನೇ ಅಜಾಗರೂಕತೆಯಿಂದ ಬರೆದಿದ್ದೆ. ಆ ರಾತ್ರಿಯೇ ಕಡತ ತೆರೆದು “ಕಾಫಿ ಮಾಡ್ಲಾ?” ಎಂದು ತಿದ್ದಿದೆ.