ನಾಯಿ ಜೊತೆ ಬೆಟ್ಟ, ರಾತ್ರಿಗೆ ಟೆಂಟು: ಹೊರಡುವ ಮೊದಲು ಇಷ್ಟು ತಿಳಿದಿರಲಿ

ಕುದುರೆಮುಖದ ಹುಲ್ಲುಗಾವಲಲ್ಲಿ ನಿಮ್ಮ ನಾಯಿ ಓಡಾಡುವ ಕನಸು ಕಂಡಿದ್ದರೆ ಅದನ್ನು ಇಲ್ಲಿಗೇ ಬಿಡಿ. ಅದು ರಾಷ್ಟ್ರೀಯ ಉದ್ಯಾನ, ಸಾಕುನಾಯಿಯನ್ನು ಒಳಗೆ ಬಿಡುವುದಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ. ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದಲ್ಲಿ. ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಹೆಸರುವಾಸಿ ಬೆಟ್ಟಗಳು ಹೀಗೆ ಒಂದೊಂದಾಗಿ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಬೇಜಾರಾಗುವುದು ನಿಜ. ಆದರೂ ನಿಯಮ ಸರಿಯಾಗಿಯೇ ಇದೆ. ನಮ್ಮ ನಾಯಿಗಳ ಡಿಸ್ಟೆಂಪರ್, ರೇಬೀಸ್ ರೋಗಗಳು ಕಾಡಿನ ಸೀಳುನಾಯಿಗೂ ನರಿಗೂ ತಗಲುತ್ತವೆ. ಅವುಗಳಿಗೆ ಲಸಿಕೆ ಹಾಕುವವರು ಯಾರು?

ಮೊದಲು ಜಾಗ ಗೊತ್ತು ಮಾಡಿ

ಕಾಡು ಬಿಟ್ಟರೆ ಉಳಿಯುವುದು ಖಾಸಗಿ ಜಾಗ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಯ ಕಾಫಿ ತೋಟಗಳಲ್ಲಿ ನಾಯಿ ತರಲು ಒಪ್ಪುವ ಹೋಂಸ್ಟೇಗಳಿವೆ. ಮೊದಲ ಸಲಕ್ಕೆ ತೋಟದ ಜೀಪು ದಾರಿಯೇ ಸಾಕು, ಏರಿಳಿತಕ್ಕೆ ಏನೂ ಕಮ್ಮಿ ಇರುವುದಿಲ್ಲ.

ಬುಕ್ ಮಾಡುವ ಮೊದಲು ಮಾಲೀಕರಿಗೆ ಫೋನ್ ಮಾಡಿ. "ಪೆಟ್ ಫ್ರೆಂಡ್ಲಿನಾ?" ಅಂತ ಕೇಳಿ ಇಟ್ಟುಬಿಟ್ಟರೆ ಸಾಲದು. ತೋಟದಲ್ಲಿ ಕಟ್ಟದ ನಾಯಿಗಳು ಇವೆಯಾ? ಈ ವಾರ ಔಷಧಿ ಹೊಡೆದಿದ್ದಾರಾ? ಚಿರತೆ ಓಡಾಟ ಇದೆಯಾ? ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ? ಇನ್ನೊಂದನ್ನು ಸ್ವಲ್ಪ ಸಂಕೋಚ ಬಿಟ್ಟು ಕೇಳಬೇಕು: ಆಸುಪಾಸಿನಲ್ಲಿ ಕಾಡುಹಂದಿಗೆ ಉರುಳು, ಸಿಡಿಮದ್ದು ಇಡುವವರು ಇದ್ದಾರಾ? ಇದು ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಸಿಡಿಮದ್ದನ್ನು ತಿನ್ನುವ ವಸ್ತುವಿನೊಳಗೆ ಅಡಗಿಸಿ ಇಡುತ್ತಾರೆ. ನೆಲ ಮೂಸುತ್ತಾ ಹೋಗುವ ನಾಯಿ ಅದಕ್ಕೆ ಬಾಯಿ ಹಾಕಿದರೆ ಮುಗಿಯಿತು.

ನಿಮ್ಮ ನಾಯಿಗೆ ಆಗುತ್ತದಾ?

ಪಗ್, ಬುಲ್‌ಡಾಗ್, ಶೀಟ್ಸುಗಳಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಬೆಟ್ಟ ಬೇಡ. ಅವಕ್ಕೆ ಉಸಿರಾಡುವುದೇ ಒಂದು ಕೆಲಸ. ದೊಡ್ಡ ತಳಿಯ ಮರಿಗಳಿಗೆ ಮೂಳೆ ಗಟ್ಟಿಯಾಗಲು ವರ್ಷ, ಒಂದೂವರೆ ವರ್ಷ ಬೇಕು. ಅಲ್ಲಿವರೆಗೆ ಕಡಿದಾದ ಏರು ಹತ್ತಿಸಬೇಡಿ. ಮುಧೋಳ ನಾಯಿ ಎಷ್ಟು ಬೇಕಾದರೂ ನಡೆಯುತ್ತದೆ, ಆದರೆ ಮೊಲ ಕಂಡರೆ ನಿಮ್ಮ ಮಾತು ಅದರ ಕಿವಿಗೆ ಬೀಳುವುದಿಲ್ಲ. ಮೈಮೇಲೆ ಕೂದಲು ಕಮ್ಮಿ, ರಾತ್ರಿ ಚಳಿಗೆ ಕೋಟು ಬೇಕು. ಬೀದಿಯಿಂದ ತಂದು ಸಾಕಿದ ನಮ್ಮ ಊರ ನಾಯಿಗಳು ಈ ಕೆಲಸಕ್ಕೆ ಯಾರಿಗೂ ಕಮ್ಮಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ತಿಂಗಳ ಮೊದಲೇ ಅಭ್ಯಾಸ ಶುರು ಮಾಡಿ. ವಾಕಿಂಗ್ ಹೊತ್ತನ್ನು ನಿಧಾನಕ್ಕೆ ಹೆಚ್ಚಿಸಿ. ಟೆಂಟನ್ನು ಹಾಲ್‌ನಲ್ಲೋ ತಾರಸಿಯಲ್ಲೋ ಹಾಕಿ, ಅದರೊಳಗೇ ಊಟ ಕೊಡಿ. ಜಿಪ್ಪಿನ ಸದ್ದಿಗೆ ಬೆಚ್ಚುವುದು ನಿಂತ ಮೇಲೆ ಮುಂದಿನ ಮಾತು.

ಡಾಕ್ಟರ ಹತ್ತಿರ

ಹೊರಡುವ ಎರಡು ವಾರ ಮೊದಲೇ ಹೋಗಿ. ರೇಬೀಸ್ ಲಸಿಕೆ ಜೊತೆಗೆ ಇಲಿಜ್ವರದ ಲಸಿಕೆಯ ಅವಧಿಯನ್ನೂ ನೋಡಿಸಿ. ನಿಂತ ನೀರಿನಿಂದ, ಕೆಸರಿನಿಂದ ಬರುವ ರೋಗ ಅದು.

ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಗೆ ಒಂದು ತಿಂಗಳು ಕೆಲಸ ಮಾಡುವ ಮಾತ್ರೆಗಳಿವೆ, ಮೂರು ತಿಂಗಳಿನವೂ ಇವೆ. ಯಾವುದು ಆಗುತ್ತದೆ ಅಂತ ಡಾಕ್ಟರೇ ಹೇಳಲಿ. ನಾಯಿಗಷ್ಟೇ ಅಲ್ಲ, ನಿಮಗೂ ಇದು ಮುಖ್ಯ. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಅದರ ಕಾಟ ಜಾಸ್ತಿ. ಕಾಯಿಲೆ ಕಾಣಿಸಿದ ಊರಿನ ಕಡೆ ಆ ತಿಂಗಳುಗಳಲ್ಲಿ ಹೋಗಲೇಬೇಡಿ.

ಚೀಲದಲ್ಲಿ ಏನಿರಬೇಕು

ಎದೆಗೆ ಹಾಕುವ ಹಾರ್ನೆಸ್ ಮತ್ತು ಎರಡು ಮೀಟರ್ ಹಗ್ಗ. ಕುತ್ತಿಗೆ ಬೆಲ್ಟಿಗೆ ಕಟ್ಟಿ ಇಳಿಜಾರಿನಲ್ಲಿ ಎಳೆದರೆ ಉಸಿರು ಕಟ್ಟುತ್ತದೆ. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಇರಲಿ. ನೀರು: ಇಪ್ಪತ್ತು ಕಿಲೋ ನಾಯಿಗೆ ಸುಮ್ನೆ ಮನೆಯಲ್ಲಿದ್ದರೂ ದಿನಕ್ಕೆ ಒಂದು ಲೀಟರ್ ಬೇಕು. ನಡೆಯುವ ದಿನ ಅದರ ಎರಡರಷ್ಟು ಹೊತ್ತುಕೊಳ್ಳಿ. ದಿನಾ ತಿನ್ನುವ ಊಟವೇ ಇರಲಿ, ಹೊಸ ರುಚಿ ಬೇಡ. ನಿಮ್ಮ ತಿಂಡಿ ಡಬ್ಬಿಯಲ್ಲಿರುವ ಈರುಳ್ಳಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಚಿಮುಟ, ಬ್ಯಾಂಡೇಜ್, ಹಳೆ ಟವೆಲ್ ಮರೆಯಬೇಡಿ.

ನಡೆಯುವಾಗ

ಬೆಳಿಗ್ಗೆ ಆರಕ್ಕೆ ಹೊರಟು ಹತ್ತರೊಳಗೆ ವಾಪಸ್ ಬನ್ನಿ. ಊಟ ಹಾಕಿ ಎರಡು ಗಂಟೆ ಕಳೆದ ಮೇಲೇ ನಡೆಸಿ. ಬಯಲುಸೀಮೆಯ ಬಂಡೆ ಬೆಟ್ಟವಾದರೆ ಅಂಗೈ ಹಿಂಭಾಗವನ್ನು ಬಂಡೆ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ. ನಿಮಗೆ ಸುಟ್ಟರೆ ನಾಯಿಯ ಅಂಗಾಲಿಗೂ ಸುಡುತ್ತದೆ.

ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಮೈಯ ಬಿಸಿ ಹೆಚ್ಚಾಗಿ ಏದುಸಿರಿನಿಂದಲೇ ಹೊರಗೆ ಹೋಗಬೇಕು. "ಸಾಕು, ಇಲ್ಲೇ ಕೂರೋಣ" ಅಂತ ಅದು ಹೇಳುವುದಿಲ್ಲ. ನೀವು ನಡೆಯುವವರೆಗೆ ಹಿಂದೆ ಬರುತ್ತದೆ, ಆಮೇಲೆ ಕುಸಿಯುತ್ತದೆ. ಅದಕ್ಕೇ ಇಪ್ಪತ್ತು ನಿಮಿಷಕ್ಕೊಮ್ಮೆ ನೀವೇ ನಿಲ್ಲಿ, ನೆರಳಲ್ಲಿ ನೀರು ಕೊಡಿ. ಒಸಡು ಕೆಂಪೇರಿ, ಜೊಲ್ಲು ದಾರದಂತೆ ಇಳಿದು, ನಡಿಗೆ ತೂರಾಡಿದರೆ ಬಿಸಿಲ ಹೊಡೆತ ಅಂತಲೇ ಅರ್ಥ. ತಕ್ಷಣ ಮೈತುಂಬ ತಣ್ಣೀರು ಸುರಿಯಿರಿ, ಟವೆಲ್‌ನಿಂದ ಗಾಳಿ ಹಾಕಿ, ಡಾಕ್ಟರ ಹತ್ತಿರ ಓಡಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಒಳಗಿನ ಬಿಸಿ ಅಲ್ಲೇ ನಿಲ್ಲುತ್ತದೆ.

ಹಗ್ಗ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಕಾಟಿಯನ್ನೋ (ಕಾಡುಕೋಣ) ಆನೆಯನ್ನೋ ಕೆಣಕಿದ ನಾಯಿ ಹೆದರಿ ಓಡಿ ಬರುವುದು ನಿಮ್ಮ ಕಾಲಬುಡಕ್ಕೇ. ಅದರ ಹಿಂದೆ ಯಾರು ಬರುತ್ತಾರೆ ಅಂತ ಹೇಳಬೇಕಿಲ್ಲ, ಅಲ್ವಾ?

ಮಳೆಗಾಲದಲ್ಲಿ ಉಂಬಳಗಳದ್ದೇ (ಜಿಗಣೆ) ರಾಜ್ಯ. ತೋಟದವರು ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಳ್ಳುತ್ತಾರೆ ಅಂತ ನಾಯಿಗೂ ಹಚ್ಚಬೇಡಿ. ನಾಯಿ ಅದನ್ನು ನೆಕ್ಕುತ್ತದೆ, ಹೊಗೆಸೊಪ್ಪು ಹೊಟ್ಟೆಗೆ ಹೋದರೆ ವಿಷ. ನೀಲಗಿರಿ ಎಣ್ಣೆಯೂ ಬೇಡ. ಬೆರಳಿಗೆ ಸಿಕ್ಕ ಉಂಬಳವನ್ನು ಉಗುರಿನಿಂದ ಸರಿಸಿ ತೆಗೆದರಾಯಿತು. ಹೊಳೆ ನೀರಿಗೆ ಬಾಯಿ ಹಾಕಿದ ನಾಯಿಯ ಮೂಗಿನೊಳಗೂ ಅದು ಸೇರಿಕೊಳ್ಳುವುದುಂಟು. ಒಂದೇ ಹೊಳ್ಳೆಯಿಂದ ತೆಳ್ಳಗೆ ರಕ್ತ, ಬಿಡದೆ ಸೀನು ಇದ್ದರೆ ಅನುಮಾನಪಡಿ. ಮೂಗಿನ ಮುಂದೆ ನೀರಿನ ಬಟ್ಟಲು ಹಿಡಿದು ಕಾದರೆ ಕೆಲವೊಮ್ಮೆ ಇಣುಕುತ್ತದೆ, ಆಗ ಚಿಮುಟಕ್ಕೆ ಸಿಕ್ಕೀತು. ಸಿಗದಿದ್ದರೆ ಡಾಕ್ಟರೇ ಗತಿ. ಬಾಟಲಿ ನೀರನ್ನೇ ಕೊಡಿ ಅನ್ನುವುದು ಇದಕ್ಕೇ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಎರಡೂ ತಪ್ಪು. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಆ್ಯಂಟಿವೆನಮ್ ನಾಯಿಗೂ ಕೊಡುತ್ತಾರೆ. ಎಲ್ಲಿ ಸಿಗುತ್ತದೆ ಅಂತ ಮೊದಲೇ ಫೋನ್‌ನಲ್ಲಿ ವಿಚಾರಿಸಿಟ್ಟಿರಿ.

ರಾತ್ರಿ

ನಾಯಿ ಮಲಗಬೇಕಾದದ್ದು ಟೆಂಟಿನೊಳಗೆ, ನಿಮ್ಮ ಪಕ್ಕದಲ್ಲಿ. ಕಾವಲಿಗೆ ಇರಲಿ ಅಂತ ಹೊರಗೆ ಕಟ್ಟಿದರೆ ಚಿರತೆಗೆ ಊಟ ಬಡಿಸಿ ಇಟ್ಟಂತೆ. ಚಿರತೆ ಓಡಾಟ ಇದೆ ಅಂದರೆ ಟೆಂಟೂ ಬೇಡ, ಕೋಣೆಯಲ್ಲೇ ಮಲಗಿ. ಉಗುರಿಗೆ ಟೆಂಟಿನ ತಳ ಹರಿಯದಂತೆ ಹಳೆ ಕಂಬಳಿ ಹಾಸಿ. ನಾಯಿ ಹೇತಿದ್ದನ್ನು ಎತ್ತಿ, ದಾರಿ ಮತ್ತು ನೀರಿನಿಂದ ದೂರ ಗುಂಡಿ ತೋಡಿ ಮುಚ್ಚಿ.

ಮನೆಗೆ ಬಂದ ಮೇಲೆ

ಸ್ನಾನಕ್ಕೆ ಮೊದಲು ಮೈ ತಡವಿ ನೋಡಿ. ಕಿವಿಯೊಳಗೆ, ಬೆರಳ ಸಂದಿ, ಕಂಕುಳು, ಬೆಲ್ಟಿನ ಕೆಳಗೆ, ಬಾಲದ ಬುಡ, ಉಣ್ಣೆ ಕೂರುವುದು ಇಲ್ಲೇ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಗ್ಲೌಸ್ ಹಾಕಿ, ಚಿಮುಟದಿಂದ ಚರ್ಮಕ್ಕೆ ತಾಗುವ ಹಾಗೆ ಹಿಡಿದು ನೇರವಾಗಿ ಎಳೆಯಿರಿ. ಮುಂದಿನ ಎರಡು ಮೂರು ವಾರದೊಳಗೆ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ ರಕ್ತ ಪರೀಕ್ಷೆ ಮಾಡಿಸಿ. ಮಲೆನಾಡಿಗೆ ಕರೆದುಕೊಂಡು ಹೋಗಿದ್ದಿರಿ ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ.