ಅಂದು ನೀವು ಮೊದಲು ಕರೆದದ್ದು ಯಾರನ್ನು?

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಯ ಗುಡ್ಡಗಳು ಜಾರಿದಾಗ, ಮಡಿಕೇರಿಯಿಂದ ಮಾದಾಪುರದ ಮೂಲಕ ಸೋಮವಾರಪೇಟೆಗೆ ಹೋಗುವ ರಸ್ತೆ ಹಲವು ಕಡೆ ಕುಸಿದು, ನಮ್ಮ ಊರಿಗೆ ಕೆಲವು ದಿನ ಹೊರಗಿನ ಸಂಪರ್ಕವೇ ಇರಲಿಲ್ಲ. ಕರೆಂಟು ಹೋಗಿತ್ತು, ಫೋನು ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ಊರಿಗೆ ಆಸರೆಯಾದವರನ್ನು ಗುರುತಿಸಿ ಗೌರವಿಸಬೇಕೆಂದು ಮರುವರ್ಷ ನಮ್ಮ ಕನ್ನಡ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿದ್ದ ನನಗೆ ಕಾರ್ಯದರ್ಶಿಯ ಹೊಣೆ ಬಂತು. ಅಂದಿನಿಂದ ಈ ಕೆಲಸದಲ್ಲಿ ನಾವು ತಪ್ಪಿದ್ದನ್ನೂ ತಿದ್ದಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕಾರ್ಯಕ್ರಮ 2020ರ ಜನವರಿಯಲ್ಲಿ ನಡೆಯಿತು. ಸಾಧಕರಿಂದ ಅರ್ಜಿ ಆಹ್ವಾನಿಸಿ ನ್ಯಾಯಬೆಲೆ ಅಂಗಡಿಯ ಗೋಡೆಗೆ ನೋಟಿಸು ಅಂಟಿಸಿದೆವು. ಪತ್ರಿಕೆಯ ತುಣುಕುಗಳನ್ನೂ ಹಳೆಯ ಸನ್ಮಾನಗಳ ಫೋಟೋಗಳನ್ನೂ ಲಗತ್ತಿಸಿದ ಅರ್ಜಿಗಳು ಬಂದವು. ಆದರೆ ಕೆಲಸ ಮಾಡಿದವರು ಅರ್ಜಿ ಹಾಕಲಿಲ್ಲ. ತಾವು ಮಾಡಿದ್ದಕ್ಕೆ ಸನ್ಮಾನ ಉಂಟೆಂದು ಅವರಿಗೆ ಅನಿಸಿರಲೇ ಇಲ್ಲ. ಪರಿಹಾರ ಕೇಂದ್ರದಲ್ಲಿ ಹಗಲಿರುಳೆನ್ನದೆ ಅಡುಗೆಗೆ ನಿಂತಿದ್ದ ತೋಟದ ಕೂಲಿಯ ಹೆಣ್ಣುಮಗಳೊಬ್ಬರನ್ನು ಸಂಘದ ಸದಸ್ಯೆಯೊಬ್ಬರು ನೆನಪಿಸಿದ್ದರಿಂದ ಅವರ ಹೆಸರು ಕೊನೆಯ ಗಳಿಗೆಯಲ್ಲಿ ಸೇರಿತು. ಅವರನ್ನು ಬೆಳಿಗ್ಗೆ ಹತ್ತೂವರೆಗೆ ಬರಹೇಳಿದೆವು. ಅತಿಥಿಗಳು ಬಂದು, ಭಾಷಣಗಳು ಮುಗಿದು, ಅವರ ಸರದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಪರಿಚಯವಾಗಿ ಓದಿದ್ದು ಎರಡು ವಾಕ್ಯ, ಅದರಲ್ಲಿಯೂ ಅವರ ಹೆಸರು ತಪ್ಪಾಗಿತ್ತು. ರೊಬಸ್ಟಾ ಕೊಯ್ಲಿನ ಕಾಲದಲ್ಲಿ ಕೂಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ, ವರ್ಷದಲ್ಲಿ ನಾಲ್ಕು ಕಾಸು ಹೆಚ್ಚು ಕೈಗೆ ಬರುವುದು ಆಗಲೇ. ಅಂಥ ಒಂದು ದಿನವನ್ನು ಅವರಿಂದ ಕಸಿದುಕೊಂಡು ನಾವು ಕೊಟ್ಟದ್ದು ಒಂದು ಶಾಲು. ಅವರು ಏನೂ ಅನ್ನಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕೊರೊನಾದ ಬಿಡುವಿನ ನಂತರ, 2022ರಲ್ಲಿ, ಅರ್ಜಿಯನ್ನು ಪೂರ್ತಿ ಕೈಬಿಟ್ಟೆವು. ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆವು: ‘ಕಷ್ಟ ಬಂದ ದಿನ ನೀವು ಮೊದಲು ಕರೆದದ್ದು ಯಾರನ್ನು?’ ‘ಊರಿಗೆ ಒಳ್ಳೆಯದು ಮಾಡಿದವರು ಯಾರು’ ಎಂದು ಕೇಳಿದರೆ ಜನ ಅಧ್ಯಕ್ಷರ, ಮುಖಂಡರ ಹೆಸರು ಹೇಳುತ್ತಾರೆ. ಮೊದಲು ಕರೆದದ್ದು ಯಾರನ್ನು ಎಂದರೆ ಒಂದು ಗಳಿಗೆ ಸುಮ್ಮನಿದ್ದು ನಿಜ ಹೇಳುತ್ತಾರೆ. ರಾತ್ರಿ ಹೊತ್ತಿನಲ್ಲಿ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಜೀಪಿನ ಚಾಲಕ, ಗಾಳಿಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್, ಮನೆಯೊಳಗೆ ಹೊಕ್ಕ ಹಾವನ್ನು ಕೊಲ್ಲದೆ ಹಿಡಿದು ಕಾಡಿಗೆ ಬಿಡುವ ಹುಡುಗ, ಇವರೆಲ್ಲ ನಮಗೆ ಸಿಕ್ಕಿದ್ದು ಹೀಗೆ.

ಕೇಳುವವರು ಯಾರೆಂಬುದೂ ಮುಖ್ಯ. ಒಂದೇ ಊರಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತು ಇರುವ ನಾಡು ನಮ್ಮದು. ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೆಂಗಸರೇ ಹೋದರು, ಗಿರಿಜನರ ಹಾಡಿಗೆ ಅಲ್ಲಿಯವರೇ ಆದ ಅಂಗನವಾಡಿ ಸಹಾಯಕಿಯನ್ನು ಜೊತೆಗೆ ಕರೆದುಕೊಂಡೆವು. ಬೇರೆ ಬೇರೆ ಕೇರಿಯ, ಬೇರೆ ಬೇರೆ ಮಾತಿನ ಮೂವರಾದರೂ ಒಬ್ಬರ ಹೆಸರು ಹೇಳಿದಾಗಲೇ ಅದನ್ನು ಪಟ್ಟಿಗೆ ತೆಗೆದುಕೊಳ್ಳುವುದು ಎಂಬ ನಿಯಮ ಮಾಡಿಕೊಂಡೆವು. ಇದರಿಂದ ನೆಂಟಸ್ತನದ ಶಿಫಾರಸು ತಾನಾಗಿ ನಿಂತಿತು.

ಆ ವರ್ಷ ಎಲ್ಲ ಕೇರಿಯವರೂ ಹೇಳಿದ ಹೆಸರು ನಮ್ಮ ನೀರುಗಂಟಿಯದು. ಬೆಟ್ಟದ ತೊರೆಯಿಂದ ಊರ ಟ್ಯಾಂಕಿಗೆ ಪೈಪಿನಲ್ಲಿ ನೀರು ಇಳಿಯುತ್ತದೆ. ಮೇಲಿನ ಗುಡ್ಡದ ಬರೆ ಕುಸಿದರೆ, ಆನೆ ತುಳಿದರೆ ಪೈಪು ಒಡೆಯುತ್ತದೆ. ಅವರ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡುತ್ತಿದ್ದಾಗ, ಕಾಡಿಗೆ ಹೋಗುವಾಗ ಒಯ್ಯುವ ಚೀಲವನ್ನು ತೋರಿಸುತ್ತೀರಾ ಎಂದು ಕೇಳಿದೆ. ಗೊಬ್ಬರದ ಗೋಣಿಯನ್ನು ಕತ್ತರಿಸಿ ಹೊಲಿದ ಆ ಚೀಲದಿಂದ ಅವರು ಒಂದೊಂದಾಗಿ ತೆಗೆದಿಟ್ಟರು: ಪಟ್ಟಿಯಾಗಿ ಸೀಳಿದ ಹಳೆಯ ಟೈರಿನ ಟ್ಯೂಬು, ಹಿಡಿಗೆ ಬಟ್ಟೆ ಸುತ್ತಿದ ಆಕ್ಸಾ ಬ್ಲೇಡು, ಮುಚ್ಚಳ ಗಟ್ಟಿಯಾಗಿ ಹೋದ ಸಲ್ಯೂಷನ್ ಡಬ್ಬಿ, ಜಿಗಣೆಗೆಂದು ಉಪ್ಪು ಕಟ್ಟಿದ ಬಟ್ಟೆಯ ಗಂಟು. ಮಳೆಯಲ್ಲಿ ಪೈಪು ಒದ್ದೆಯಾಗಿದ್ದರೆ ಸಲ್ಯೂಷನ್ ಹಿಡಿಯುವುದಿಲ್ಲ, ಆಗ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಬಿಗಿಯಾಗಿ ಸುತ್ತಬೇಕು ಎಂದು ಅವರು ತಮ್ಮ ಮುಂಗೈಗೇ ಸುತ್ತಿ ತೋರಿಸಿದರು. 2018ರ ಮಳೆಯಲ್ಲಿ ಮೂರು ಸಲ ಹಾಗೆ ಸುತ್ತಿ ಬಂದಿದ್ದರು. ನಮ್ಮ ಮನೆಯ ನಲ್ಲಿಯಲ್ಲಿ ಆಗ ನೀರು ಬರುತ್ತಿತ್ತು ಎಂಬುದು ನನಗೆ ನೆನಪಿದೆ. ಅದು ಏಕೆ ಬರುತ್ತಿತ್ತು ಎಂದು ನಾನು ನಾಲ್ಕು ವರ್ಷ ಯೋಚಿಸಿಯೇ ಇರಲಿಲ್ಲ.

ಅವರ ಬಿನ್ನವತ್ತಳೆಯನ್ನು ಬರೆಯಲು ಕುಳಿತಾಗ ‘ನಿಸ್ವಾರ್ಥ ಸೇವೆ’, ‘ಅಪ್ರತಿಮ ಸಾಧನೆ’, ‘ಎಲೆಮರೆಯ ಕಾಯಿ’ ಎಂಬ ಮಾತುಗಳನ್ನೆಲ್ಲ ಹೊಡೆದುಹಾಕಿದೆ. ಅವು ಯಾರಿಗೂ ಹೊಂದುತ್ತವೆ, ಆದ್ದರಿಂದ ಯಾರೊಬ್ಬರವೂ ಅಲ್ಲ. ಊರಿನವರು ಕಣ್ಣಾರೆ ಕಂಡ ಸಂಗತಿ ಪ್ರತಿ ವಾಕ್ಯದಲ್ಲಿಯೂ ಇರಬೇಕು, ಒಟ್ಟು 150 ಪದ ಮೀರಬಾರದು ಎಂದು ಮಿತಿ ಹಾಕಿಕೊಂಡೆ. 2023ರಲ್ಲಿ ನಮ್ಮ ಜಿಲ್ಲೆಯ ರಾಣಿ ಮಾಚಯ್ಯನವರಿಗೆ ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್ ಕಲೆಗಾಗಿ ಪದ್ಮಶ್ರೀ ಬಂದ ಮೇಲೆ, ಆ ಪ್ರಶಸ್ತಿಗೆ ಸಾಮಾನ್ಯ ನಾಗರಿಕರೂ ಹೆಸರು ಸೂಚಿಸಬಹುದೆಂದು ತಿಳಿದು ಅದರ ನಮೂನೆಯನ್ನು ನೋಡಿದೆ. ಅಲ್ಲಿಯೂ ಸಾಧನೆಯ ವಿವರ 800 ಪದ ಮೀರುವಂತಿಲ್ಲ. ಒಂದು ಬದುಕನ್ನು ಅಷ್ಟರಲ್ಲಿ ಹೇಳುವುದಾದರೆ ವಿಶೇಷಣಗಳಿಗೆ ಜಾಗವೇ ಉಳಿಯದು.

ಬರೆದುದನ್ನು ಕಾರ್ಯಕ್ರಮಕ್ಕೆ ಮೊದಲೇ ಸನ್ಮಾನಿತರ ಮುಂದೆ ಓದಿ ಒಪ್ಪಿಗೆ ಪಡೆಯುತ್ತೇವೆ. ನೀರುಗಂಟಿ ಪೂರ್ತಿ ಕೇಳಿಸಿಕೊಂಡು, ‘ಒಬ್ಬನೇ ಹೋದೆ ಅಂತ ಬರೆದಿದ್ದೀರಿ ಮಾಷ್ಟ್ರೇ, ಅದು ಸರಿಯಲ್ಲ. ಟಾರ್ಚ್ ಹಿಡಿದು ನನ್ನ ಹೆಂಡತಿಯೂ ಬಂದಿದ್ದಳು’ ಎಂದರು. ಒಳಗಿನಿಂದ ಆಕೆ, ‘ಅದೆಲ್ಲ ಯಾಕೆ ಈಗ’ ಎಂದರು. ವಾಕ್ಯ ತಿದ್ದಿದೆವು, ವೇದಿಕೆಯಲ್ಲಿ ಎರಡು ಕುರ್ಚಿ ಹಾಕಿದೆವು.

ಗುಂಪುಗಳನ್ನು ಗೌರವಿಸುವುದು ಇದಕ್ಕಿಂತ ಕಷ್ಟ. ರಸ್ತೆಗೆ ಬಿದ್ದ ಮರಗಳನ್ನು ಕೊಯ್ದು ದಾರಿ ಬಿಡಿಸಿದ ಯುವಕರ ತಂಡಕ್ಕೆ ಒಂದು ಸ್ಮರಣಿಕೆ ಕೊಡುವುದೆಂದಾದಾಗ, ಅದನ್ನು ಯಾರು ಪಡೆಯಬೇಕು, ಯಾರ ಮನೆಯಲ್ಲಿ ಇಡಬೇಕು ಎಂಬಲ್ಲಿಯೇ ಮನಸ್ತಾಪ ಹುಟ್ಟಿತು. ಕೊನೆಗೆ ಯಂತ್ರದ ಗರಗಸ ಹಿಡಿದವರು, ಕೊಂಬೆ ಎಳೆದವರು, ಪೆಟ್ರೋಲ್ ಕೊಟ್ಟ ತೋಟದ ರೈಟರ್ (ಗುಮಾಸ್ತ), ಗಂಜಿ ತಂದುಕೊಟ್ಟ ಇಬ್ಬರು ತಾಯಂದಿರು, ಹೀಗೆ ಎಲ್ಲರ ಹೆಸರನ್ನೂ ಅಕಾರಾದಿಯಾಗಿ ಬರೆದು ವೇದಿಕೆಯಲ್ಲಿ ಓದಿದೆವು, ಪ್ರತಿಯೊಬ್ಬರಿಗೂ ಒಂದೊಂದು ಪತ್ರ ಕೊಟ್ಟೆವು. ಸ್ಮರಣಿಕೆ ಮಾಡಿಸಲಿಲ್ಲ. ಆ ದುಡ್ಡಿನಲ್ಲಿ ತಂಡಕ್ಕೆ ಗರಗಸದ ಎರಡು ಹೊಸ ಚೈನು ಬಂದವು.

ಕಾರ್ಯಕ್ರಮವನ್ನು ಈಗ ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ, ತೋಟಗಳಿಗೆ ರಜೆಯಿರುವ ಸಂತೆಯ ದಿನ ಬೆಳಿಗ್ಗೆ ಇಟ್ಟುಕೊಂಡು ಸಂತೆ ಹೊತ್ತಿಗೆ ಮುಗಿಸುತ್ತೇವೆ. ವೇದಿಕೆಯಲ್ಲಿ ಸನ್ಮಾನಿತರು ಕೂರುತ್ತಾರೆ, ಅತಿಥಿಗಳು ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಾರೆ. ಇದಕ್ಕೆ ಒಪ್ಪದ ಅತಿಥಿಯನ್ನು ಕರೆಯುವುದಿಲ್ಲ. ಹೆರಿಗೆ ಮಾಡಿಸುತ್ತಿದ್ದ ಹಾಡಿಯ ಅಜ್ಜಿಯನ್ನು ಗೌರವಿಸಿದ ವರ್ಷ ಬಿನ್ನವತ್ತಳೆಯನ್ನು ಅವರ ಮೊಮ್ಮಗಳು ಯರವ ಮಾತಿನಲ್ಲಿಯೂ ಹೇಳಿದಳು. ಕನ್ನಡದಲ್ಲಿ ಓದುವವರೆಗೆ ತಲೆ ತಗ್ಗಿಸಿ ಕುಳಿತಿದ್ದ ಅಜ್ಜಿ ಆಗ ತಲೆಯೆತ್ತಿ ಸಭೆಯನ್ನು ನೋಡಿದರು.

ಸನ್ಮಾನ ಸಂಬಳಕ್ಕೆ ಬದಲಿಯಲ್ಲ ಎಂಬುದನ್ನೂ ಹೇಳಲೇಬೇಕು. ನೀರುಗಂಟಿಗೆ ವೇತನ ತಿಂಗಳುಗಟ್ಟಲೆ ತಡವಾಗುತ್ತಿತ್ತು. ಅವರಿಗೆ ಹಾರ ಹಾಕಿ ಆ ಮಾತನ್ನು ಎತ್ತದೆ ಇದ್ದರೆ ನಮ್ಮ ಕಾರ್ಯಕ್ರಮಕ್ಕೆ ಅರ್ಥವಿಲ್ಲವೆಂದು ನನಗೆ ತೋರಿತು. ಅದೇ ವೇದಿಕೆಯಲ್ಲಿ ಮನವಿಯನ್ನು ಓದಿ, ನೆರೆದವರ ಸಹಿ ಹಾಕಿಸಿ, ಸಂಬಂಧಪಟ್ಟವರಿಗೆ ಮುಟ್ಟಿಸಿದೆವು. ಬಾಕಿ ಎರಡು ಕಂತಿನಲ್ಲಿ ಬಂತು.

ನಾವು ಕೇಳಿದವರಲ್ಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಹೊಳೆಯಲ್ಲಿ ಮುಳುಗಿದವರ ದೇಹವನ್ನು ಮೇಲೆತ್ತಿ ಮನೆಯವರಿಗೆ ಒಪ್ಪಿಸುವ ಈಜುಗಾರ ಅವರು. ‘ನನ್ನ ಒಂದೊಂದು ಕೆಲಸವೂ ಒಂದು ಮನೆಯ ದುಃಖ. ಅದನ್ನು ಮೈಕಿನಲ್ಲಿ ಓದಬೇಡಿ. ಕೊಡುವುದಾದರೆ ಒಳ್ಳೆಯ ಹಗ್ಗ ಕೊಡಿಸಿ’ ಎಂದರು. ನಾವು ಮತ್ತೆ ಒತ್ತಾಯ ಮಾಡಲಿಲ್ಲ. ಕುಶಾಲನಗರದಿಂದ ಐವತ್ತು ಮೀಟರ್ ನೈಲಾನ್ ಹಗ್ಗವನ್ನೂ ಒಂದು ಲೈಫ್ ಜಾಕೆಟನ್ನೂ ತಂದು, ಯಾರಿಗೂ ಹೇಳದೆ, ಸಂಜೆ ಹೊತ್ತಿನಲ್ಲಿ ಅವರ ಮನೆಗೆ ಕೊಟ್ಟು ಬಂದೆವು. ಹಗ್ಗವನ್ನು ಅವರು ಅಂಗಳದಲ್ಲಿ ಉದ್ದಕ್ಕೂ ಬಿಡಿಸಿ, ಕೈಯಲ್ಲಿ ಎಳೆದು ನೋಡಿ, ಮತ್ತೆ ಸುರುಳಿ ಸುತ್ತಿ ಮಾಡಿನ ಕೆಳಗೆ ನೇತುಹಾಕಿದರು.